ಘಾಟ್ಕೋಪರಿನ ಗಲ್ಲಿಗೆ ತಕ್ಕ ಟೆಂಪೋ

ರೈಲು ಹಳಿ ಘಾಟ್ಕೋಪರನ್ನು ಎರಡು ಊರಾಗಿ ಸೀಳಿದೆ. ಪೂರ್ವಕ್ಕೆ ಪಂತನಗರ, ಅದರಾಚೆ ಈಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿ. ಪಶ್ಚಿಮಕ್ಕೆ ಹಿಂದೆ ಆಗ್ರಾ ರೋಡ್ ಎನಿಸಿದ್ದ ಲಾಲ್ ಬಹಾದುರ್ ಶಾಸ್ತ್ರಿ ಮಾರ್ಗ, ಅದನ್ನು ದಾಟಿದರೆ ಅಸಲ್ಫಾದ ಗುಡ್ಡ. ನಡೆದು ಹೋಗುವವನಿಗೆ ಸ್ಟೇಷನ್ನಿನ ಮೆಟ್ಟಿಲುಂಟು. ಇನ್ನೂರು ಜನರ ಊಟದ ಪಾತ್ರೆಗಳು ಮಾತ್ರ ಸುತ್ತು ಬಳಸಿಯೇ ಹೋಗಬೇಕು.

ಅಂಥ ಪಾತ್ರೆಗಳ ಒಡೆಯರು ಕಾರ್ಕಳದ ಕಡೆಯ ನಮ್ಮ ಮಿತ್ರರು. ಅಡುಗೆ ಅಸಲ್ಫಾದಲ್ಲಿ, ಬಡಿಸುವುದು ಪಂತನಗರ, ವಿಕ್ರೋಲಿ, ಮುಲುಂಡುಗಳಲ್ಲಿ. ಒಂದು ಮದುವೆಯ ದಿನ ಬಾಡಿಗೆಯ ಗಾಡಿ ಗಂಟೆ ತಡವಾಗಿ ಬಂದ ಮೇಲೆ, ಇನ್ನು ಸ್ವಂತದ್ದೇ ಆಗಬೇಕೆಂದು ನಿಶ್ಚಯಿಸಿದರು. ಹಣವೋ, ಮಗಳ ಕಾಲೇಜಿಗೆಂದು ಕೂಡಿಟ್ಟದ್ದು. ಆದಕಾರಣ ಮಳಿಗೆಗೆ ಹೋಗುವ ಮೊದಲು ಗಲ್ಲಿಯನ್ನೇ ಅಳೆಯೋಣವೆಂದು ಅವರೂ ಅತ್ತಿಗೆಯೂ ನಾವೂ ಟೇಪು ಹಿಡಿದು ಹೊರಟೆವು.

2017ರಲ್ಲಿ ಬಣ್ಣ ಬಳಿಸಿಕೊಂಡ ಗುಡ್ಡದ ಮನೆಗಳು ಮೆಟ್ರೋದಿಂದ ನೋಡಿದರೆ ಬಲು ಚೆಂದ. ಕೆಳಗೆ ಟೇಪು ಹಿಡಿದವನ ಕಣ್ಣಿಗೆ ಬೀಳುವುದು ಬೇರೆಯೇ: ಮೋರಿಯ ಕಲ್ಲು, ಯಾರದೋ ನೀರಿನ ಪೀಪಾಯಿ, ಅಡ್ಡ ನಿಲ್ಲಿಸಿದ ಸ್ಕೂಟರು. ಮಿತ್ರರ ಮನೆಯ ತಿರುವಿನಲ್ಲಿ ಪೀಪಾಯಿ ಸರಿಸಿದರೂ ಸಿಕ್ಕಿದ್ದು ಆರೂವರೆ ಅಡಿ.

ಟೆಂಪೋ ಎಂಬುದು ಈಗ ಸಾಮಾನು ಹೊರುವ ಸಣ್ಣ ಗಾಡಿಗೆಲ್ಲ ಹೆಸರಾಗಿದೆ. ಮೂಲತಃ ಅದು ಜರ್ಮನಿಯ ಒಂದು ಕಂಪೆನಿಯ ಗಾಡಿಯ ಹೆಸರು. 1958ರಲ್ಲಿ ನಮ್ಮ ಗೋರೆಗಾಂವಿನಲ್ಲೇ ಬಜಾಜ್ ಟೆಂಪೋ ಕಾರ್ಖಾನೆ ಮೂರು ಚಕ್ರದ ಗಾಡಿ ಮಾಡತೊಡಗಿತು. ಇರಲಿ. ನಮ್ಮ ಮುಂದಿದ್ದವು ಎರಡು. 2005ರಲ್ಲಿ ಬಂದು 'ಛೋಟಾ ಹಾಥಿ' ಎನಿಸಿಕೊಂಡ ಟಾಟಾ ಏಸ್: ಸಾಮಾನು ಹೇರುವ ಜಾಗ ಏಳು ಅಡಿ ಉದ್ದ, ಐದಕ್ಕೆ ತುಸು ಕಡಿಮೆ ಅಗಲ, ಹೊರೆ ಮುಕ್ಕಾಲು ಟನ್ನಿನಷ್ಟು. ಇನ್ನೊಂದು ಮಹೀಂದ್ರ ಬೊಲೆರೊ ಪಿಕಪ್: ಮಾದರಿಗೆ ತಕ್ಕಂತೆ ಎಂಟೊಂಬತ್ತು ಅಡಿ ಉದ್ದ, ಒಂದೂಕಾಲು ಟನ್ನಿಗೆ ಮೇಲೆ ಹೊರೆ. ಮಿತ್ರರ ಮನಸ್ಸು ದೊಡ್ಡದರತ್ತಲೇ. ಆದರೆ ಅದರ ಮೈ ಐದೂವರೆ ಅಡಿಗೂ ಮಿಕ್ಕು. ಎರಡು ಕಡೆಯ ಕನ್ನಡಿ ಸೇರಿದರೆ ಆ ತಿರುವಿನಲ್ಲಿ ಗೋಡೆ ತೀಡಿಕೊಂಡೇ ಹೋಗಬೇಕು.

ಚಹಾ ಕುಡಿಯುತ್ತ ಚೀಟಿಯ ಮೇಲೆ ಭಾರ ಬರೆದೆವು. ಎಲೆ, ಹಪ್ಪಳ, ಕಾಗದದ ಲೋಟ: ಜಾಗ ತಿನ್ನುತ್ತವೆ, ತೂಗುವುದಿಲ್ಲ. ನೀರು ಇದಕ್ಕೆ ವಿರುದ್ಧ. ಇನ್ನೂರು ಲೀಟರಿನ ಎರಡು ಡ್ರಮ್ಮು ಮೂಲೆಯಲ್ಲಿ ನಿಂತರೂ ನಾನೂರು ಕಿಲೋ! ಅದಕ್ಕೆ ಅನ್ನ, ಸಾಂಬಾರು, ಕೊಪ್ಪರಿಗೆ, ಒಲೆ, ಗ್ಯಾಸಿನ ಸಿಲಿಂಡರು ಸೇರಿದಾಗ ಏಸಿನ ಮಿತಿ ದಾಟಿಹೋಯಿತು.

"ನೋಡಿ, ನಾನು ಹೇಳಲಿಲ್ಲವೇ?" ಎಂದರು ಮಿತ್ರರು.

"ಅಣ್ಣಾ, ಹಾಲಿನಲ್ಲಿ ನಲ್ಲಿ ಇಲ್ಲವೇ? ನೀರನ್ನು ನಾವು ಯಾಕೆ ಹೊರುವುದು?" ಎಂದು ಅತ್ತಿಗೆ ನಮ್ಮನ್ನು ಕೇಳಿದರು.

ಬಾಡಿಗೆಯ ಗಾಡಿಯವನು ಕೇಳದೆ ಏರಿಸಿಕೊಳ್ಳುತ್ತಿದ್ದನೆಂದು ಹೊರುತ್ತಿದ್ದರು, ಅಷ್ಟೆ. ಅವರು ಬಡಿಸುವ ಹಾಲುಗಳಲ್ಲೆಲ್ಲ ಕುಡಿಯುವ ನೀರುಂಟು. ನಾನೂರು ಕಿಲೋ ಚೀಟಿಯಿಂದ ಅಳಿಸಿಹೋದೊಡನೆ ದೊಡ್ಡ ಗಾಡಿಯ ಮಾತೂ ಹೋಯಿತು. ವರ್ಷಕ್ಕೆ ನಾಲ್ಕೈದು ದೊಡ್ಡ ಮದುವೆ ಬಂದರೆ ಆ ದಿನಕ್ಕೆ ಇನ್ನೊಂದು ಗಾಡಿ ಬಾಡಿಗೆಗೆ ತಂದರಾಯಿತು. ಉಳಿದ ಹಣ ಮಗಳ ಖಾತೆಗೆ ಮರಳಿತು.

ಉಳಿದದ್ದು ಬಡಿಸುವ ಹುಡುಗರ ಪ್ರಶ್ನೆ. ಗಾಡಿಯ ಮುಂದೆ ಚಾಲಕನ ಪಕ್ಕ ಒಬ್ಬನಿಗಷ್ಟೇ ಸೀಟು. ಹಿಂದೆ ಸಾಂಬಾರಿನ ಕೊಪ್ಪರಿಗೆ ತಬ್ಬಿಕೊಂಡು ಮಂದಿ ಕೂರುವುದು ಕಾನೂನಿಗೂ ಸಲ್ಲದು, ಪ್ರಾಣಕ್ಕೂ ಒಳ್ಳೆಯದಲ್ಲ. ಅಸಲ್ಫಾದಿಂದ ಘಾಟ್ಕೋಪರಿಗೆ ಮೆಟ್ರೋದಲ್ಲಿ ಎರಡನೆಯ ನಿಲ್ದಾಣ. ಮೊದಲ ದಿನ ಹೊಸ ಗಾಡಿ ಸುತ್ತು ಬಳಸಿ ಪಂತನಗರ ಸೇರುವಷ್ಟರಲ್ಲಿ ಹುಡುಗರು ಆಗಲೇ ಹಾಲಿನ ಬಾಗಿಲಲ್ಲಿ ತೋಳು ಮಡಿಸಿ ನಿಂತಿದ್ದರು.