ಹಿತ್ತಲಿನ ವಸಂತ

ವಸಂತವನ್ನು ಋತುಗಳ ರಾಜನೆಂದು ಕರೆದ ನಮ್ಮ ಪ್ರಾಚೀನ ಕವಿಗಳು ಆ ರಾಜನ ಆಗಮನವನ್ನು ಉಪವನಗಳಲ್ಲಿಯೂ ಅರಣ್ಯಗಳಲ್ಲಿಯೂ ಕಂಡು ವರ್ಣಿಸಿದರು. ಮಾವಿನ ಚಿಗುರು, ಕೋಗಿಲೆಯ ದನಿ, ಮುತ್ತುಗದ ಕೆಂಪು ಇವೇ ವಸಂತದ ಲಾಂಛನಗಳೆಂದು ನಾವೂ ಕಲಿತಿದ್ದೇವೆ. ಆದರೆ ವಸಂತ ಬರುವುದು ಹೆಮ್ಮರಗಳಿಗೆ ಮಾತ್ರವಲ್ಲ. ಬಚ್ಚಲ ನೀರು ಹರಿಯುವ ಮೂಲೆಯಲ್ಲಿ, ಬಾವಿಕಟ್ಟೆಯ ಬದಿಯಲ್ಲಿ, ಬೇಲಿಯ ಸಂದಿಯಲ್ಲಿ ನಿಂತಿರುವ ಸಾಧಾರಣ ಪೊದೆಗಳಿಗೂ ಅದು ತಪ್ಪದೆ ಬರುತ್ತದೆ. ಆ ಬರವನ್ನು ಕಾಣಲು ಕಾಡಿಗೆ ಹೋಗಬೇಕಾಗಿಲ್ಲ; ಹಿತ್ತಲ ಬಾಗಿಲನ್ನು ತೆರೆದರೆ ಸಾಕು.

ನಮ್ಮ ನಾಡಿನ ವಸಂತ ನೀರಿನ ಋತುವಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಚೈತ್ರ ವೈಶಾಖಗಳೆಂದರೆ ಬಾವಿಯ ಹಗ್ಗ ಸಾಲದೆ ಹೋಗುವ ತಿಂಗಳುಗಳು. ನಡುವೆ ಒಂದೆರಡು ಗುಡುಗಿನ ಮಳೆ ಬಿದ್ದರೆ ಅದೇ ಭಾಗ್ಯ. ನೆಲ ಹೀಗೆ ಒಣಗಿರುವಾಗ ಗಿಡಗಳು ಹೂವಿನ ಸಂಭ್ರಮಕ್ಕೆ ಕೈಹಾಕುವುದೇಕೆ? ಬೇಲಿಯ ಕವಳಿಗಿಡ ಈ ಪ್ರಶ್ನೆಗೆ ಉತ್ತರ ಹೇಳುತ್ತದೆ. ಶಿವರಾತ್ರಿ ಕಳೆದ ಮೇಲೆ ಅದು ತನ್ನ ಕವಲು ಮುಳ್ಳುಗಳ ನಡುವೆ, ಮಲ್ಲಿಗೆಯನ್ನು ಹೋಲುವ ಐದೆಸಳಿನ ಬಿಳಿಯ ಹೂಗಳನ್ನು ತಳೆಯುತ್ತದೆ. ಹೂವು ಕಾಯಾಗಿ, ಕಾಯಿ ಕಪ್ಪಗೆ ಹಣ್ಣಾಗುವ ವೇಳೆಗೆ ಮುಂಗಾರು ಹತ್ತಿರವಾಗಿರುತ್ತದೆ. ಹಕ್ಕಿಗಳೂ ಮಕ್ಕಳೂ ತಿಂದು ಬಿಸುಟ ಬೀಜ ಒದ್ದೆಯಾದ ಮಣ್ಣಿಗೆ ಬೀಳುತ್ತದೆ. ಬಿಸಿಲಿನಲ್ಲಿ ಹೂ ಬಿಟ್ಟದ್ದು ಮಳೆಯಲ್ಲಿ ಮೊಳೆಯುವುದಕ್ಕಾಗಿ.

ಕರಿಬೇವಿನ ಕತೆ ಇದಕ್ಕಿಂತ ಸ್ವಾರಸ್ಯಕರವಾದುದು. ಈ ಗಿಡವನ್ನು ನಾವು ಎಲೆಯಿಂದ ಮಾತ್ರ ಬಲ್ಲೆವು. ದಿನವೂ ಒಗ್ಗರಣೆಗೆಂದು ಅದರ ಕುಡಿಗಳನ್ನು ಚಿವುಟುತ್ತಿರುವುದರಿಂದ, ಬಹಳ ಮನೆಗಳಲ್ಲಿ ಅದಕ್ಕೆ ಹೂ ಬಿಡುವ ಅವಕಾಶವೇ ದೊರೆಯುವುದಿಲ್ಲ. ಕೈಗೆಟುಕದ ಕೊಂಬೆಯೊಂದು ಉಳಿದರೆ, ಬೇಸಗೆಯಲ್ಲಿ ಅದರ ತುದಿಯಲ್ಲಿ ನಸುಬಿಳಿಯ ಸಣ್ಣ ಹೂಗಳ ಗೊಂಚಲು ಕಾಣಿಸಿಕೊಳ್ಳುತ್ತದೆ. ಜೇನ್ನೊಣಗಳು ಅದನ್ನು ನಮಗಿಂತ ಮೊದಲು ಗುರುತಿಸುತ್ತವೆ. ಮುಂದೆ ಕಪ್ಪುಮಣಿಗಳಂತಹ ಹಣ್ಣುಗಳಾದಾಗ ಪಿಕಳಾರಗಳೂ ಕೋಗಿಲೆಗಳೂ ಬಂದು ತಿನ್ನುತ್ತವೆ. ಈ ಬೀಜಕ್ಕೆ ಬಹುಕಾಲ ಕಾಯುವ ಶಕ್ತಿಯಿಲ್ಲ. ಒಣಗಿದರೆ ಅದರ ಜೀವ ಕೆಲವೇ ವಾರಗಳಲ್ಲಿ ಉಡುಗಿಹೋಗುತ್ತದೆ. ಹಣ್ಣಾಗುವುದು ಮಳೆಗಾಲದಲ್ಲಿಯೇ ಆದ್ದರಿಂದ ಅದಕ್ಕೆ ಕಾಯುವ ಅಗತ್ಯವೂ ಇಲ್ಲ. ಯಾರೂ ನೆಡದ ಕರಿಬೇವಿನ ಸಸಿ ತೆಂಗಿನ ಬುಡದಲ್ಲೋ ಗೋಡೆಯ ಅಂಚಿನಲ್ಲೋ ಎದ್ದು ನಿಂತಿದ್ದರೆ, ಅದು ಹಕ್ಕಿ ಕೊಟ್ಟ ಉಡುಗೊರೆಯೆಂದು ತಿಳಿಯಬೇಕು.

ಮಲ್ಲಿಗೆಗೆ ಇಂತಹ ಬಂಧುಗಳಿಲ್ಲ. ನಮ್ಮ ಹಿತ್ತಲುಗಳ ದುಂಡುಮಲ್ಲಿಗೆ ಸಾಮಾನ್ಯವಾಗಿ ಬೀಜ ಕಟ್ಟುವುದಿಲ್ಲ. ಸಂಜೆ ಅರಳಿ, ಇರುಳೆಲ್ಲ ಪರಿಮಳ ಬೀರಿ, ಬೆಳಗಿಗೆ ಬಾಡಿ ಉದುರುವ ಆ ಹೂವು ತನ್ನ ಹಿಂದೆ ಏನನ್ನೂ ಉಳಿಸುವುದಿಲ್ಲ. ಹಾಗಾದರೆ ಅದು ಇಷ್ಟು ಕಾಲ ಉಳಿದು ಬಂದುದು ಹೇಗೆ? ಮನುಷ್ಯರ ಕೈಯಿಂದ ಕೈಗೆ. ಮಳೆಗಾಲದಲ್ಲಿ ಕೊಂಬೆಯೊಂದನ್ನು ಬಾಗಿಸಿ, ಮಣ್ಣಿನಲ್ಲಿ ಹೂತು, ಮೇಲೊಂದು ಕಲ್ಲನ್ನಿಟ್ಟರೆ ಮೂರು ನಾಲ್ಕು ತಿಂಗಳಲ್ಲಿ ಅದು ಬೇರು ಬಿಡುತ್ತದೆ. ಬೇರುಬಿಟ್ಟ ಕೊಂಬೆಯನ್ನು ಕತ್ತರಿಸಿ ನೆರೆಯವರಿಗೆ ಕೊಡಬಹುದು. ಹೀಗೆ ಕೊಟ್ಟ ಗಿಡ ತಾಯಿಗಿಡದ ಮಗುವಲ್ಲ, ಸಾಕ್ಷಾತ್ ತಾಯಿಗಿಡವೇ. ಮೈಸೂರು, ಹಡಗಲಿ, ಉಡುಪಿ ಎಂದು ಊರುಗಳ ಹೆಸರನ್ನೇ ಹೊತ್ತ ಮಲ್ಲಿಗೆಗಳು ನಮ್ಮಲ್ಲಿವೆ. ಮೂರಕ್ಕೂ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಉಡುಪಿಯ ಸೀಮೆಯಲ್ಲಿ 800 ಹೂಗಳಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂದು ಅದರ ಲೆಕ್ಕವೇ ಬೇರೆ. ಊರಿಗೊಂದು ಮಲ್ಲಿಗೆ ಉಳಿದಿರುವುದು ಆ ಊರಿನವರು ಕೊಂಬೆಗಳನ್ನು ಕೊಟ್ಟು ತೆಗೆದುಕೊಂಡು ಮಾಡಿದ್ದರಿಂದ.

ಮಲ್ಲಿಗೆಯ ವಸಂತಕ್ಕೆ ಸಿದ್ಧತೆ ಚಳಿಗಾಲದಲ್ಲಿಯೇ ಆಗಬೇಕು. ಮಾರ್ಗಶಿರದ ಹೊತ್ತಿಗೆ ನೀರನ್ನು ಕಡಿಮೆ ಮಾಡಿ, ಪೊದೆಯನ್ನು ನೆಲದಿಂದ ಸುಮಾರು 50 ಸೆಂಟಿಮೀಟರ್ ಎತ್ತರಕ್ಕೆ ಸವರಿಬಿಡುತ್ತಾರೆ. ಆಗ ಅದನ್ನು ನೋಡಿದವರಿಗೆ ಒಣಸೌದೆಯ ಕಟ್ಟಿನ ನೆನಪಾಗದಿರದು. ಆದರೆ ಮಲ್ಲಿಗೆಯ ಮೊಗ್ಗು ಮೂಡುವುದು ಹೊಸ ಚಿಗುರಿನ ತುದಿಯಲ್ಲಿ. ಹಳೆಯ ಕಡ್ಡಿಗಳ ಮೇಲೆ ಮಮತೆಯಿಟ್ಟು ಅವನ್ನು ಹಾಗೆಯೇ ಬಿಟ್ಟರೆ ಎಲೆ ಹೆಚ್ಚುತ್ತದೆ, ಹೂ ಕಡಿಮೆಯಾಗುತ್ತದೆ. ಸವರಿದ ಮೇಲೆ ಗೊಬ್ಬರ ಹಾಕಿ ನೀರೆರೆದರೆ, ಯುಗಾದಿಯ ವೇಳೆಗೆ ಮೊರದ ತುಂಬ ಮೊಗ್ಗು.

ನಮ್ಮ ಹಿತ್ತಲಿನ ಮಲ್ಲಿಗೆ ಪಕ್ಕದ ಮನೆಯ ವೃದ್ಧೆಯೊಬ್ಬರು ಕೊಟ್ಟದ್ದು. ಅವರಿಗೆ ಅದು ತವರಿನಿಂದ ಬಂದಿತ್ತಂತೆ. ಅವರು ತೀರಿಕೊಂಡ ಕೆಲವು ವರ್ಷಗಳಲ್ಲಿ ಮನೆ ಮಾರಾಟವಾಯಿತು. ಹಿತ್ತಲಿದ್ದ ಜಾಗಕ್ಕೆ ವಾಹನ ನಿಲ್ಲಿಸಲು ಕಾಂಕ್ರೀಟು ಬಿತ್ತು. ಕೊಂಡವರನ್ನು ದೂಷಿಸಲಾರೆ, ಇಕ್ಕಟ್ಟಾದ ಊರಿನಲ್ಲಿ ಅವರಿಗೂ ಜಾಗ ಬೇಕು. ಆದರೆ ಅಂದು ಹೋದದ್ದು ಒಂದು ಗಿಡವಷ್ಟೇ ಅಲ್ಲ, ಅದರೊಡನೆ ಕೊಡುವ ಕೈಯೂ ಹೋಯಿತು. ಮರುವರ್ಷ ಆ ವೃದ್ಧೆಯ ಮಗಳು ದೂರದ ನಗರದಿಂದ ಬಂದವರು, ಸಂಕೋಚಪಡುತ್ತ, ತಮ್ಮ ತಾಯಿಯ ಮಲ್ಲಿಗೆಯ ಒಂದು ಕೊಂಬೆ ಸಿಗಬಹುದೇ ಎಂದು ಕೇಳಿದರು. ಬೇರುಬಿಟ್ಟಿದ್ದ ಕೊಂಬೆಯೊಂದನ್ನು ಒದ್ದೆಯ ಗೋಣಿಯಲ್ಲಿ ಸುತ್ತಿಕೊಟ್ಟೆವು. ಈಗ ಅದು ಅವರ ಮನೆಯ ಮೂರನೆಯ ಮಹಡಿಯಲ್ಲಿ, ಒಂದು ಕುಂಡದಲ್ಲಿ, ಪ್ರತಿವರ್ಷವೂ ಚೈತ್ರದಲ್ಲಿ ಹೂ ಬಿಡುತ್ತಿದೆಯಂತೆ.

ಕವಳಿಗೆ ಮುಂಗಾರು ಇದೆ, ಕರಿಬೇವಿಗೆ ಹಕ್ಕಿಗಳಿವೆ. ಮಲ್ಲಿಗೆಗೆ ಮಾತ್ರ ನಾವಲ್ಲದೆ ಬೇರೆ ಗತಿಯಿಲ್ಲ. ಅದು ಮುಂದಿನ ವಸಂತಗಳನ್ನು ಕಾಣಬೇಕಾದರೆ ಕೊಡುವವರಿದ್ದರೆ ಸಾಲದು, ಸಂಕೋಚವನ್ನು ಬಿಟ್ಟು ಬೇಲಿಯ ಬಳಿಗೆ ಬಂದು ಕೇಳುವವರೂ ಇರಬೇಕು.