ಬಿಟ್ಟು ಹೋದವನನ್ನಲ್ಲ, ಮನೆಯನ್ನ ಕೇಳಿ



"ಮೆರಿಟ್ ಇದ್ದವನನ್ನ ಯಾರೂ ತಡೆಯೋಕಾಗಲ್ಲ" ಅನ್ನೋ ಮಾತು ಕೇಳಿ ಕೇಳಿ ನಮ್ಮ ಕಿವಿ ತೂತಾಗಿದೆ. ಈ ಮಾತಿಗೆ ಉತ್ತರವಾಗಿ ದಕ್ಷಿಣ ಕೊರಿಯಾದ ಒಬ್ಬ ಆಟಗಾರನ ಕತೆ ಹೇಳ್ತೀನಿ. ಹೆಸರು ಆನ್ ಹ್ಯುನ್-ಸೂ. ಆಟ ಶಾರ್ಟ್ ಟ್ರ್ಯಾಕ್ ಸ್ಪೀಡ್ ಸ್ಕೇಟಿಂಗ್.

ಐಸ್ ಮೇಲೆ ಸುಮಾರು 111 ಮೀಟರಿನ ಸಣ್ಣ ಸುತ್ತು. ನಾಲ್ಕೈದು ಜನ ಒಟ್ಟಿಗೆ ನುಗ್ಗುತ್ತಾರೆ. ಗಡಿಯಾರದ ಲೆಕ್ಕ ಅಲ್ಲ, ಮೊದಲು ಗೆರೆ ದಾಟಿದವನೇ ಗೆದ್ದ. ಹಾಗಾಗಿ ನಿನ್ನದೇ ದೇಶದ ಜೊತೆಗಾರ ನಿನಗೆ ದಾರಿಯನ್ನೂ ಬಿಡಬಹುದು, ಅಡ್ಡವೂ ನಿಲ್ಲಬಹುದು. ಇಂಥ ಆಟದ ತಂಡದೊಳಗೆ ಬಣ ಹುಟ್ಟಿದರೆ ಏನಾಗುತ್ತೆ ಯೋಚಿಸಿ.

ಆನ್ 2003ರಿಂದ 2007ರವರೆಗೆ ಸತತ 5 ಸಲ ವಿಶ್ವ ಚಾಂಪಿಯನ್. 2006ರ ಟ್ಯೂರಿನ್ ಒಲಿಂಪಿಕ್ಸ್‌ನಲ್ಲಿ 3 ಚಿನ್ನ, 1 ಕಂಚು. ಅಂಥವನು ಆಗ ತರಬೇತಿ ಪಡೆಯುತ್ತಿದ್ದದ್ದು ಮಹಿಳಾ ತಂಡದ ಜೊತೆ! ಯಾವ ವಿಶ್ವವಿದ್ಯಾಲಯ, ಯಾವ ಕೋಚ್ ಅನ್ನೋದರ ಮೇಲೆ ತಂಡ ಎರಡು ಹೋಳಾಗಿತ್ತು. ಸ್ವಂತ ತಂಡದವರೇ ಮಗನನ್ನ ತಡೆದರು ಅಂತ ಅವನ ಅಪ್ಪ ಇಂಚಿಯಾನ್ ವಿಮಾನ ನಿಲ್ದಾಣದಲ್ಲೇ ಒಕ್ಕೂಟದ ಅಧಿಕಾರಿ ಜೊತೆ ಜಗಳಕ್ಕೆ ನಿಂತಿದ್ದರು.

2008ರಲ್ಲಿ ಮಂಡಿ ಮುರಿಯಿತು. 2010ರ ವ್ಯಾಂಕೂವರ್ ಒಲಿಂಪಿಕ್ಸ್ ಕೈತಪ್ಪಿತು. ಅವನಿಗೆ ಆಸರೆಯಾಗಿದ್ದ ಸಿಯೋಂಗ್ನಾಮ್ ನಗರಾಡಳಿತದ ತಂಡವೂ ಮುಚ್ಚಿಹೋಯಿತು. 2011ರಲ್ಲಿ ಅವನು ರಷ್ಯಾದ ಪೌರನಾದ. ಹೆಸರು ವಿಕ್ಟರ್ ಆನ್ ಆಯಿತು.

2014, ಸೋಚಿ ಒಲಿಂಪಿಕ್ಸ್. ರಷ್ಯಾದ ಬಾವುಟದಡಿ ಮತ್ತೆ 3 ಚಿನ್ನ, 1 ಕಂಚು. 1000 ಮೀಟರ್ ಗೆದ್ದು ಐಸಿಗೆ ಮುತ್ತಿಟ್ಟ. ಕೊರಿಯಾದ ಪುರುಷರ ಶಾರ್ಟ್ ಟ್ರ್ಯಾಕ್ ತಂಡಕ್ಕೆ ಒಂದು ಪದಕವೂ ಇಲ್ಲ.

ನನಗೆ ಮುಖ್ಯ ಅನಿಸಿದ್ದು ಆಮೇಲೆ ಆದದ್ದು. ಕೊರಿಯಾದ ಬಹಳಷ್ಟು ಜನ ಅವನನ್ನ ದ್ರೋಹಿ ಅನ್ನಲಿಲ್ಲ. ಸಿಟ್ಟು ತಿರುಗಿದ್ದು ಸ್ಕೇಟಿಂಗ್ ಒಕ್ಕೂಟದ ಮೇಲೆ. ಅವನು ಯಾಕೆ ಹೋದ, ಬಣ ರಾಜಕೀಯ ಕಾರಣವೇ ಅಂತ ಅಲ್ಲಿನ ಅಧ್ಯಕ್ಷೆ ಪಾರ್ಕ್ ಗ್ಯುನ್-ಹೇ ಅವರೇ ಕೇಳಬೇಕಾಯಿತು.

ಅವನನ್ನ ದೇವರು ಮಾಡ್ತಿಲ್ಲ. ರಷ್ಯಾದ ಡೋಪಿಂಗ್ ಹಗರಣದ ನೆರಳಲ್ಲಿ 2018ರ ಪಿಯೋಂಗ್‌ಚಾಂಗ್ ಒಲಿಂಪಿಕ್ಸ್‌ಗೆ ಅವನಿಗೆ ಆಹ್ವಾನವೇ ಸಿಗಲಿಲ್ಲ. ಹುಟ್ಟಿದ ದೇಶದಲ್ಲೇ ನಡೆದ ಒಲಿಂಪಿಕ್ಸ್ ಅದು.

ಅವನ ಕಷ್ಟ ನಮ್ಮ ಕಷ್ಟ ಒಂದೇ ಅಂತಲೂ ಹೇಳಲ್ಲ. ಬಣ ಬಿಟ್ಟು ಹೋಗೋಕೆ ಅವನಿಗೆ ಒಂದು ಗಡಿ ಇತ್ತು, ಇನ್ನೊಂದು ಪಾಸ್‌ಪೋರ್ಟ್ ಇತ್ತು. ಜಾತಿಗೆ ಅಂಥ ಗಡಿ ಎಲ್ಲಿದೆ? ಸಮುದ್ರ ದಾಟಿದರೂ ಅದು ಬೆನ್ನು ಬಿಡಲಿಲ್ಲ ಅಂತ ತಾನೇ ಅಮೆರಿಕದ ಸಿಯಾಟಲ್ ನಗರ 2023ರಲ್ಲಿ ಜಾತಿ ತಾರತಮ್ಯ ನಿಷೇಧಿಸಿದ್ದು?

ಪ್ರಶ್ನೆ ಮಾತ್ರ ಒಂದೇ. ನಮ್ಮವರು ಊರು ಬಿಟ್ಟರೆ, ಧರ್ಮ ಬಿಟ್ಟರೆ, ಓದು ಅರ್ಧಕ್ಕೆ ಬಿಟ್ಟರೆ, "ಯಾಕೆ ಬಿಟ್ಟೆ?" ಅಂತ ಕಟಕಟೆಗೆ ನಿಲ್ಲಿಸೋದು ಬಿಟ್ಟವರನ್ನ. ಬಿಡುವ ಹಾಗೆ ಮಾಡಿದವರನ್ನ ಯಾವತ್ತು ನಿಲ್ಲಿಸ್ತೀರಿ?

ಮೆರಿಟ್ಟನ್ನ ತಡೆಯಬಹುದು ಗೆಳೆಯರೇ. 5 ಸಲದ ವಿಶ್ವ ಚಾಂಪಿಯನ್‌ಗೇ ಸ್ವಂತ ಮನೆಯಲ್ಲಿ ಜಾಗ ಸಾಲಲಿಲ್ಲ. ಮುಂದಿನ ಸಲ ಯಾರಾದರೂ ಮೆರಿಟ್ ಪಾಠ ಶುರು ಮಾಡಿದರೆ ಈ ಹೆಸರು ಹೇಳಿ.

ಜೈ ಭೀಮ್.