ಮೂರು ಊರು, ಮೂರು ಕುರ್ಚಿ, ಒಂದು ಕತ್ತಿ

ಶಿರಸಿಗೆ ಬಂದವರು ಮಾರಿಕಾಂಬೆಗೆ ಕೈಮುಗಿದು ಸೋಂದೆ, ಸಹಸ್ರಲಿಂಗ ನೋಡಿ ಹೋಗುತ್ತಾರೆ. ಸಿದ್ದಾಪುರ ಅಂದರೆ ಉಂಚಳ್ಳಿ ಜಲಪಾತ, ಭುವನಗಿರಿಯ ಭುವನೇಶ್ವರಿ. ಯಲ್ಲಾಪುರ ಅಂದರೆ ಮಾಗೋಡು, ಸಾತೊಡ್ಡಿ. ಇವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಹೊರಟಿರೋದು ಇದೇ ಮೂರು ಊರಿನ ಮೂರು ಕ್ಷೌರದಂಗಡಿಗಳ ಪ್ರವಾಸ. ನಗಬೇಡಿ, ಕಾರಣ ಇದೆ.

ನಮ್ಮ ಮನೆ ಶಿರಸಿ ಪೇಟೆಯಿಂದ ಒಳಗೆ, ಅಡಿಕೆ ತೋಟದ ನಡುವೆ. ಅಪ್ಪಯ್ಯಂಗೆ ಎಂಬತ್ತು ದಾಟಿದೆ, ಕೈ ನಡುಗುತ್ತದೆ. ಮೊದಲು ಈ ಕಡೆ ಹಳ್ಳಿಗಳಿಗೆ ಕ್ಷೌರದವರೇ ಮನೆಮನೆಗೆ ಬರುತ್ತಿದ್ದರು. ಹಳಬರ ಬಾಯಲ್ಲಿ ಅವರು 'ಕೆಲಸಿ'. ವರ್ಷಕ್ಕೊಮ್ಮೆ ಭತ್ತವೋ ಅಡಿಕೆಯೋ ಕೊಡುವ ಲೆಕ್ಕ. ಆ ಪದ್ಧತಿ ಹೋಗಿ ಎಷ್ಟೋ ಕಾಲವಾಯಿತು. ಆಮೇಲೂ ನಮ್ಮನೆಗೆ ಬರುತ್ತಿದ್ದ ಒಬ್ಬರು ಮಂಡಿನೋವಿಂದ ಈಗ ಬರೋದು ಬಿಟ್ಟಿದ್ದಾರೆ. ವಾರದ ಗಡ್ಡಕ್ಕೆ ಎರಡು ಮೂರು ಅಲಗಿನ ಪ್ಲಾಸ್ಟಿಕ್ ರೇಜರ್ ಹಾಕಿದರೆ ಕೂದಲು ಸಂದಿಯಲ್ಲಿ ಕಟ್ಟಿಕೊಂಡು ಅಪ್ಪಯ್ಯನ ಕಾಗದದಂಥ ಚರ್ಮವನ್ನು ಎಳೆಯುತ್ತದೆ. ಟ್ರಿಮ್ಮರ್ ತಂದೆ. ಕೆನ್ನೆ ನುಣ್ಣಗಾಗದಿದ್ದರೆ ಅದು ಕ್ಷೌರವೇ ಅಲ್ಲ ಅನ್ನೋದು ಅವರ ವಾದ. ಹಾಗಾಗಿ ಕತ್ತಿ ಹಿಡಿಯೋದನ್ನ ಕಲಿಯಲೇಬೇಕು ಅಂತ ಹೊರಟೆ.

ಮೊದಲ ಕುರ್ಚಿ ಶಿರಸಿಯಲ್ಲಿ, ಜಾತ್ರೆಯಲ್ಲಿ ದೇವಿಯನ್ನು ಕೂರಿಸುವ ಬಿಡಕಿಬಯಲಿನ ಆಸುಪಾಸಿನ ಅಂಗಡಿಯಲ್ಲಿ. ವಿಷಯ ಹೇಳಿದೆ. "ಕತ್ತಿ ಆಮೇಲೆ ಹೆಗಡೇರೆ, ಮೊದಲು ನೀರು" ಅಂದರು ಅಂಗಡಿಯವರು. ಬಿಸಿನೀರಲ್ಲಿ ಹಿಂಡಿದ ಟವೆಲ್ ಎರಡು ಮೂರು ನಿಮಿಷ ಮುಖದ ಮೇಲಿರಬೇಕು. ಕೂದಲು ನೀರು ಕುಡಿದು ಮೆತ್ತಗಾಗುತ್ತದೆ. ಒಣ ಗಡ್ಡ ಅಂದರೆ ತಂತಿ ಇದ್ದ ಹಾಂಗೆ. ಆಮೇಲೆ ಬೆರಳಾಡಿಸಿ ಕೂದಲು ಯಾವ ಕಡೆ ಮಲಗಿದೆ ಅಂತ ತಿಳಿಯಬೇಕು. ಕೆನ್ನೆಯಲ್ಲಿ ಸಾಮಾನ್ಯವಾಗಿ ಕೆಳಮುಖ. ಕುತ್ತಿಗೆಯಲ್ಲಿ ಅಡ್ಡಕ್ಕೂ ಇರುತ್ತದೆ, ಮೇಲ್ಮುಖಕ್ಕೂ ಇರುತ್ತದೆ. ಮೊದಲ ಸಲ ಅದು ಮಲಗಿದ ದಿಕ್ಕಿಗೇ ಕತ್ತಿ ಎಳೆಯಬೇಕು.

"ನೀವು ನನ್ನ ಬಲಗೈ ನೋಡ್ತಾ ಇದ್ದೀರಿ. ಎಡಗೈ ನೋಡಿ" ಅಂದರು. ನೋಡಿದೆ. ಕತ್ತಿ ಹೋಗುವಲ್ಲೆಲ್ಲ ಅದಕ್ಕಿಂತ ಮುಂಚೆ ಎಡಗೈ ಬೆರಳು ಚರ್ಮವನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಸಡಿಲ ಚರ್ಮ ಅಲಗಿನ ಮುಂದೆ ಗುಡ್ಡೆಯಾಗಿ ಏಳುತ್ತದೆ, ಅಲ್ಲೇ ಗಾಯ ಆಗೋದು. ಅಡಿಕೆ ಸುಲಿಯೋ ಮನೆಯಲ್ಲಿ ಬೆಳೆದವನಿಗೆ ಇದು ತಟ್ಟನೆ ಹೊಳೆಯಿತು. ಮೆಟ್ಟುಗತ್ತಿ ಅಲ್ಲಾಡೋದಿಲ್ಲ, ಅಡಿಕೆ ಹಿಡಿದ ಕೈಯೇ ಎಲ್ಲ ಮಾಡುತ್ತದೆ. ಇಲ್ಲಿ ಕತ್ತಿ ಓಡಾಡುತ್ತದೆ ಅನ್ನೋದಷ್ಟೇ ವ್ಯತ್ಯಾಸ. ಹೊಸದಾಗಿ ಕಲಿಯೋ ಹುಡುಗರಿಗೆ ಊದಿದ ಬಲೂನಿಗೆ ಸೋಪಿನ ನೊರೆ ಹಚ್ಚಿ ಕೊಡುವುದುಂಟು. ನೊರೆ ಹೋಗಬೇಕು, ಬಲೂನು ಉಳಿಯಬೇಕು.

ಎರಡನೆಯ ಕುರ್ಚಿಗೆ ಕೆಂಪು ಬಸ್ಸು ಹತ್ತಿ ಕಾನಸೂರು ದಾಟಿ ಸಿದ್ದಾಪುರಕ್ಕೆ ಹೋದೆ, ಸುಮಾರು 35 ಕಿ.ಮೀ. ಅಲ್ಲೊಬ್ಬ ಹಿರಿಯರ ಹತ್ತಿರ ಮಡಚುವ ಹಳೇ ಕತ್ತಿ ಇನ್ನೂ ಇದೆ ಅಂತ ಕೇಳಿದ್ದೆ. ಎಣ್ಣೆ ಬಟ್ಟೆ ಬಿಚ್ಚಿ ತೋರಿಸಿದರು. ಜರ್ಮನಿಯ ಸೋಲಿಂಗನ್ ಅಂತ ಅಲಗಿನ ಬುಡದಲ್ಲಿ ಕೊರೆದಿತ್ತು. ಕತ್ತಿ ಚಾಕುಗಳಿಗೇ ಹೆಸರಾದ ಊರು ಅದು. ಈ ಕತ್ತಿ ಅವರ ಅಪ್ಪನದಂತೆ.

ಕೋನದ ಪಾಠ ಅಲ್ಲಾಯಿತು. ಅಲಗನ್ನು ಕೆನ್ನೆಗೆ ಪೂರ್ತಿ ಮಲಗಿಸಿ. ಈಗ ಬಾಯಿ ಅಲ್ಲೇ ಇರಲಿ, ಬೆನ್ನು ಮಾತ್ರ ಎತ್ತಿ. ಬೆನ್ನಿನ ದಪ್ಪ ಎಷ್ಟಿದೆಯೋ ಅದರ ಎರಡರಷ್ಟು ಸಂದಿ ಬಂದರೆ ಸಾಕು, ಹೆಚ್ಚುಕಮ್ಮಿ 30 ಡಿಗ್ರಿ ಆಗುತ್ತದೆ. ಅದಕ್ಕಿಂತ ತೀರಾ ಮಲಗಿದರೆ ಕೂದಲು ಕತ್ತರಿಸದೆ ಜಗ್ಗುತ್ತದೆ. ನಿಲ್ಲಿಸಿದರೆ ಚರ್ಮ ಕೆರೆಯುತ್ತದೆ. ಎಷ್ಟೇ ಒಳ್ಳೆ ಕೋನ ಇದ್ದರೂ ಕತ್ತಿಯನ್ನು ಅಂಚಿನ ಉದ್ದಕ್ಕೆ ಅಡ್ಡ ಜಾರಿಸಬಾರದು, ಜಾರಿಸಿದರೆ ಹೋಳೇ. ಹಿಡಿಯೋ ಕ್ರಮ ಹೀಗೆ: ಮೂರು ಬೆರಳು ಕತ್ತಿಯ ಕತ್ತಿನ ಮೇಲೆ, ಹೆಬ್ಬೆರಳು ಕೆಳಗೆ, ಕಿರುಬೆರಳು ಹಿಂದಿನ ಬಾಲಕ್ಕೆ.

ಗೋಡೆಗೆ ಕಟ್ಟಿದ ಚರ್ಮದ ಪಟ್ಟಿಯ ಮೇಲೆ ಕತ್ತಿ ತೀಡಿ ತೋರಿಸಿದರು. "ಕಲ್ಲಿನ ಮೇಲೆ ಬಾಯಿ ಮುಂದೆ, ಚರ್ಮದ ಮೇಲೆ ಬೆನ್ನು ಮುಂದೆ. ತಿರುಗಿಸೋವಾಗ ಬೆನ್ನಿನ ಮೇಲೇ ಹೊರಳಿಸಬೇಕು. ಬಾಯಿ ಮೇಲೆ ಹೊರಳಿಸಿದ್ರೆ ಪಟ್ಟಿನೂ ಹೋಯ್ತು, ಕತ್ತಿನೂ ಹೋಯ್ತು." ಮಸೆಗಲ್ಲಿನ ಮೇಲೆ ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗಿಯೇ ಇರುತ್ತವೆ. ಅಲ್ಲಿ ಕೋನ ಲೆಕ್ಕ ಹಾಕೋ ಕೆಲಸವೇ ಇಲ್ಲ, ಬೆನ್ನಿನ ದಪ್ಪದಲ್ಲೇ ಕತ್ತಿ ಮಾಡಿದವನು ಅದನ್ನು ಇಟ್ಟಿರುತ್ತಾನೆ.

ಚಹಾ ಬಂತು. ಮಾತು ಅವರ ಅಪ್ಪನ ಕಡೆ ತಿರುಗಿತು. ಅಂಗಳದ ಮೂಲೆಯಲ್ಲಿ ಕೂತು ಕ್ಷೌರ ಮಾಡುತ್ತಿದ್ದರಂತೆ, ಮಾಡಿಸಿಕೊಂಡವರು ಸ್ನಾನ ಮಾಡಿಯೇ ಒಳಗೆ ಹೋಗೋದು. "ಕುತ್ತಿಗೆ ಕೊಡ್ತಿದ್ರು, ಜಗಲಿ ಕೊಡ್ತಿರಲಿಲ್ಲ" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ನನಗೆ ಮಾತ್ರ ಚಹಾ ಗಂಟಲಲ್ಲಿ ಇಳಿಯಲಿಲ್ಲ. ಬುದ್ಧನ ಶಿಷ್ಯ ಉಪಾಲಿ ಕ್ಷೌರಿಕ. ಮೊದಲ ಬೌದ್ಧ ಸಂಗೀತಿಯಲ್ಲಿ ವಿನಯದ ನಿಯಮಗಳನ್ನು ಒಪ್ಪಿಸಿದವನು ಅವನೇ. ನಮ್ಮಲ್ಲಿ 12ನೇ ಶತಮಾನದಲ್ಲಿ ಬಸವಣ್ಣನವರ ಪಕ್ಕದಲ್ಲಿ ಹಡಪದ ಅಪ್ಪಣ್ಣ ಇದ್ದರು. ಇದೆಲ್ಲ ಗೊತ್ತಿದ್ದೂ ಈ ಕಸುಬಿನ ಹೆಸರನ್ನು ಬೈಗುಳ ಮಾಡಿಕೊಂಡವರು ನಾವು. ಅವರ ಮಗ ಬೆಂಗಳೂರಲ್ಲಿ ಸಲೂನ್ ಇಟ್ಟಿದ್ದಾನೆ. ಅಲ್ಲಿ ಚರ್ಮದ ಪಟ್ಟಿಗೆ ಕೆಲಸವಿಲ್ಲ.

ಯಾಕಿಲ್ಲ ಅನ್ನೋದು ಮೂರನೆಯ ಕುರ್ಚಿಯಲ್ಲಿ ತಿಳಿಯಿತು. ಶಿರಸಿಗೆ ವಾಪಸ್ ಬಂದು, ಇನ್ನೊಂದು ದಿನ ಮಂಚಿಕೇರಿ ಮೇಲಿಂದ ಯಲ್ಲಾಪುರಕ್ಕೆ ಹೋದೆ, ಸುಮಾರು 50 ಕಿ.ಮೀ. ಹುಬ್ಬಳ್ಳಿ–ಅಂಕೋಲಾ ಹೆದ್ದಾರಿಯ ಊರು, ಅಂಗಡಿ ತುಂಬ ಲಾರಿ ಚಾಲಕರು. ಪ್ರತಿಯೊಬ್ಬರೂ ಕೂತ ಕೂಡಲೇ ಹೇಳುವ ಮಾತು ಒಂದೇ: "ಹೊಸ ಬ್ಲೇಡ್ ಹಾಕ್ರಿ." ಅಂಗಡಿಯ ಹುಡುಗ ಕಾಗದದೊಳಗೇ ಬ್ಲೇಡನ್ನು ಎರಡು ತುಂಡು ಮಾಡಿ, ಅರ್ಧವನ್ನು ಗಿರಾಕಿಯ ಕಣ್ಣೆದುರೇ ಕತ್ತಿಯಂಥ ಹಿಡಿಕೆಗೆ ಸಿಕ್ಕಿಸುತ್ತಾನೆ. ಎಚ್‌ಐವಿ, ಹೆಪಟೈಟಿಸ್ ಬಿ ಥರದ ಕಾಯಿಲೆಗಳು ರಕ್ತದಿಂದ ಹರಡುತ್ತವೆ, ಹಾಗಾಗಿ ಒಂದು ಮುಖಕ್ಕೆ ಒಂದು ಬ್ಲೇಡ್. ಮಡಚುವ ಕತ್ತಿ ಇಟ್ಟುಕೊಂಡರೂ ಒಬ್ಬರಿಗೇ ಮೀಸಲಿರಬೇಕು.

"ಕೋನ ಅದೇ ಅಣ್ಣಾ. ಆದ್ರೆ ಇದು ಹಗುರ. ಹಗುರ ಅಂತ ಹೊಸಬರು ಒತ್ತುತ್ತಾರೆ. ಒತ್ತಲೇಬೇಡಿ" ಅಂದ ಹುಡುಗ. ಅಪ್ಪಯ್ಯ ರಕ್ತ ತೆಳುವಾಗೋ ಮಾತ್ರೆ ತಗೊಳ್ತಾರೆ ಅಂದೆ. ಹಾಗಿದ್ದರೆ ಒಂದೊಂದು ಇಂಚಿನ ಎಳೆತ ಸಾಕು, ಎದುರು ದಿಕ್ಕಿಗೆ ಹೋಗಲೇಬೇಡಿ, ಗಂಟಲ ಗಂಟಿನ ಮೇಲೆ ಬೇಡ, ಚರ್ಮವನ್ನು ಪಕ್ಕಕ್ಕೆ ಸರಿಸಿಕೊಂಡು ಮಾಡಿ, ಪಟಿಕದ ಹರಳು ಕೈಗೆ ಸಿಗುವಲ್ಲಿರಲಿ ಅಂದ. ಅವನ ವಯಸ್ಸು ಇಪ್ಪತ್ತೈದೂ ಇರಲಿಕ್ಕಿಲ್ಲ. ಹಳೇ ಕತ್ತಿ ಹಿಡಿದೇ ನೋಡಿಲ್ಲ. ಆದರೆ ಅವನ ಎಡಗೈ ಶಿರಸಿಯವರ, ಸಿದ್ದಾಪುರದವರ ಎಡಗೈಯಂತೆಯೇ ಓಡಾಡುತ್ತಿತ್ತು. ಕತ್ತಿ ಬದಲಾಗಿದೆ, ಕೈಯಿಂದ ಕೈಗೆ ಬಂದ ವಿದ್ಯೆ ಇನ್ನೂ ಹೋಗಿಲ್ಲ ಅಂತ ಸಮಾಧಾನವಾಯಿತು.

ನಾನು ಅರ್ಧ ಬ್ಲೇಡಿನ ಹಿಡಿಕೆಯನ್ನೇ ತಂದೆ. ಬಲೂನು ಆಯಿತು, ಸ್ವಂತ ಕೆನ್ನೆ ಆಯಿತು, ಒಂದು ಬೆಳಿಗ್ಗೆ ಜಗಲಿಯ ಬಿಸಿಲಲ್ಲಿ ಅಪ್ಪಯ್ಯನ ಸರದಿ. ಕೆನ್ನೆ ಮುಗಿದು ಕುತ್ತಿಗೆಗೆ ಬಂದಾಗ ಅವರೇ ಅಂದರು: "ನೀ ಉಸಿರು ಬಿಡು ಮಾರಾಯ, ನಾ ಎಂತಕ್ಕೂ ಹೆದರಿದ್ದಿಲ್ಲೆ." ನೊರೆ ಒರೆಸಿದ ಮೇಲೆ ಕೆನ್ನೆ ಮುಟ್ಟಿ ನೋಡಿಕೊಂಡರು. ಕನ್ನಡಿ ಕೇಳಲಿಲ್ಲ.

ಸಿದ್ದಾಪುರದ ಹಿರಿಯರಿಗೆ ಫೋನ್ ಮಾಡಿ ತಿಳಿಸಿದೆ. ಕಲಿಸಿದ್ದಕ್ಕೆ ದುಡ್ಡು ಮುಟ್ಟದವರು ಅವರು. ಕೇಳಿದ್ದು ಇಷ್ಟೇ: "ರಕ್ತ ಬಂತಾ?" ಇಲ್ಲ ಅಂದೆ. "ಹಾಂಗಾದ್ರೆ ಎಡಗೈ ಕೆಲ್ಸ ಮಾಡಿದೆ."

ಈ ಕಡೆ ಬರುವವರು ಜಲಪಾತದ ಜೊತೆಗೆ ಇಂಥ ಒಂದು ಕುರ್ಚಿಗೂ ಅರ್ಧ ಗಂಟೆ ಇಟ್ಟುಕೊಳ್ಳಿ. ಕಣ್ಣು ಮುಚ್ಚೋ ಬದಲು ಕನ್ನಡಿಯಲ್ಲಿ ಅವರ ಎರಡೂ ಕೈ ನೋಡಿ. ಮಂಗಳವಾರ ಮಾತ್ರ ಬರಬೇಡಿ, ಅಂಗಡಿ ಬಾಗಿಲು ಹಾಕಿರುತ್ತದೆ.